ಅಜ್ಜ ಅಂದದ್ದು, ಮೊಮ್ಮಗಳು ಹೇಳಿದ್ದು

ಈಗ ನಾವಿರುವುದು ಮಲೇಷ್ಯಾದ ಸೈಬರ್‌ಜಯಾದಲ್ಲಿ. ಹೋದ ತಿಂಗಳು ಇಲ್ಲಿಯ ಅಂಗಡಿ ಸಾಲಿನಲ್ಲಿ ಚೀನಾದಿಂದ ಬಂದ ದಂಪತಿ ಸಣ್ಣದೊಂದು ಊಟದ ಅಂಗಡಿ ತೆರೆದರು. ಹಾಲು ತರಲು ಹೊರಟವಳು ಅದರ ಮುಂದೆ ಹಾಯುವಾಗ ಹುಳಿ ಬರಿಸಿದ ಎಲೆಕೋಸಿನ ವಾಸನೆ ಮೂಗಿಗೆ ಬಡಿಯಿತು. ಮಲೇಷ್ಯಾದ ಚೀನೀಯರ ಮನೆಗಳಲ್ಲಿ ಈ ವಾಸನೆ ಅಷ್ಟಾಗಿ ಬರುವುದಿಲ್ಲ. ಇದು ಚೀನಾದ ಈಶಾನ್ಯದ, ತಿಂಗಳುಗಟ್ಟಲೆ ಹಿಮ ಹಾಸಿಕೊಂಡಿರುವ ಊರುಗಳ ಅಡುಗೆ. ನನಗೆ ಇದರ ಪರಿಚಯವಾದದ್ದು ಮೊದಲು ನಾವಿದ್ದ ಪೆಟಾಲಿಂಗ್ ಜಯಾದ ಒಂದೇ ಒಂದು ಮನೆಯಿಂದ. ಆ ಮನೆಯಲ್ಲಿ ಒಂದು ವರ್ಷದ ಜುಲೈಯಿಂದ ಮಳೆ ಜೋರಾಗುವವರೆಗೆ, ಒಬ್ಬ ಹುಡುಗಿಗೆ ಪಾಠ ಹೇಳಿದೆ. ಅಷ್ಟೇ ದಿನ ಒಬ್ಬ ಮುದುಕನನ್ನು ಮನಸಾರೆ ದ್ವೇಷಿಸಿದೆ. ಹಾಲು ಮರೆತು ಮನೆಗೆ ಬಂದೆ.

ಕೊರೊನಾ ಮುಗಿದು ರಸ್ತೆಗಳು ಮತ್ತೆ ಗಿಜಿಗುಡತೊಡಗಿದ್ದ ವರ್ಷ ಅದು. ಧಾರವಾಡದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ಮೇಲೆ, ಇಲ್ಲಿಯ ವೈದ್ಯಕೀಯ ಕಾಲೇಜೊಂದಕ್ಕೆ ಬಂದ ಗಂಡನ ಹಿಂದೆ ನಾನೂ ಬಂದಿದ್ದೆ. ಅವರು ಉಡುಪಿ ಕಡೆಯವರು, ಅನಾಟಮಿ ಕಲಿಸುವವರು, ಯಾರ ಮೇಲೂ ದನಿ ಎತ್ತದವರು. ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಕೂತು ಬೇಸತ್ತ ನಾನು ಹೈಸ್ಕೂಲು ಮಕ್ಕಳಿಗೆ ಇತಿಹಾಸದ ಟ್ಯೂಷನ್ ಹೇಳತೊಡಗಿದ್ದೆ. ನಮ್ಮ ಎದುರುಮನೆಯ ಆಂಟಿ ಟಾನ್, ಇಪೋ ಎಂಬ ಊರಿನ ಚೀನೀ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಹನ್ನೊಂದನೇ ಮಹಡಿಯ ಶ್ರೀಮತಿ ಲಿನ್ ಅವರಿಗೆ ನನ್ನ ಹೆಸರು ಹೇಳಿದ್ದರು.

ಲಿನ್ ಚೀನಾದ ಅದೇ ಈಶಾನ್ಯದ ಹಾರ್ಬಿನ್ ಎಂಬ ಊರಿನವರು. ಗಂಡ ಅಲ್ಲೇ ವ್ಯಾಪಾರದಲ್ಲಿದ್ದ. ಮಗಳನ್ನು ಇಂಗ್ಲಿಷ್ ಶಾಲೆಯಲ್ಲಿ ಓದಿಸಲೆಂದು ಆಕೆ, ಮಾವನನ್ನೂ ಕಟ್ಟಿಕೊಂಡು, ಇಲ್ಲಿ ಮನೆ ಮಾಡಿದ್ದರು. ಮಗಳು ಯುಟಿಂಗ್‌ಗೆ ಹದಿನೆಂಟು. ಕೊನೆಯ ಪರೀಕ್ಷೆ ನವೆಂಬರ್‌ನಲ್ಲಿತ್ತು. ಇತಿಹಾಸದಲ್ಲಿ ಒಳ್ಳೆಯ ಅಂಕ ಬಂದರೆ ಮಾತ್ರ ಅವಳು ಬಯಸಿದ ವಿಶ್ವವಿದ್ಯಾಲಯ ಸಿಗುತ್ತಿತ್ತು. ಅವಳ ಪತ್ರಿಕೆಯ ಮುಖ್ಯ ಭಾಗ ಚೀನಾ ಮತ್ತು ಮಹಾಶಕ್ತಿಗಳ ಸಂಬಂಧ: ಸೋವಿಯೆತ್ ಒಕ್ಕೂಟದೊಡನೆ ಸ್ನೇಹ, ಹತ್ತೇ ವರ್ಷಕ್ಕೆ ಆ ಸ್ನೇಹ ಮುರಿದದ್ದು, ಕೊರಿಯಾದಲ್ಲಿ ಅಮೆರಿಕದ ಮೇಲೆ ಕಾದಾಡಿದ್ದು, ಇಪ್ಪತ್ತು ವರ್ಷದ ಮೇಲೆ ಅದೇ ಅಮೆರಿಕದ ಅಧ್ಯಕ್ಷನನ್ನು ಬೀಜಿಂಗ್‌ಗೆ ಕರೆದು ಕೈ ಕುಲುಕಿದ್ದು. ಭಾರತದ ಗಡಿಯುದ್ಧಕ್ಕೆ ಆ ಪುಸ್ತಕದಲ್ಲಿ ಅರ್ಧ ಪುಟ.

ಮೊದಲ ದಿನವೇ ಮುದುಕ ಬಂದು ಮೇಜಿನ ಆ ತುದಿಗೆ ಕೂತ. ಎಂಬತ್ತು ವರ್ಷ. ನೆಟ್ಟಗಿನ ಬೆನ್ನು, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ನನ್ನ ನಮಸ್ಕಾರಕ್ಕೆ ತಲೆ ಅಲ್ಲಾಡಿಸಲಿಲ್ಲ. ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಓದಲು ಬಾರದ ಇಂಗ್ಲಿಷ್ ಸಾಲುಗಳ ಮೇಲೆ ಬೆರಳಾಡಿಸಿ, ಏನೋ ಗಟ್ಟಿಯಾಗಿ ಅಂದ.

"ಅಜ್ಜ ಏನಂತಾರೆ?" ಅಂತ ಯುಟಿಂಗ್‌ಳನ್ನು ಕೇಳಿದೆ.

"ಈ ಪುಸ್ತಕ ಬರೆದವರು ಅಲ್ಲಿ ಇರಲಿಲ್ಲ, ನಾನು ಇದ್ದೆ ಅಂತಾರೆ. ಟೀಚರ್ ತುಂಬಾ ಓದಿದವರ ಹಾಗೆ ಕಾಣ್ತಾರೆ ಅಂತಲೂ ಅಂದರು."

ಅವನ ಮುಖಕ್ಕೂ ಆ ಎರಡನೇ ಮಾತಿಗೂ ಹೊಂದಿಕೆ ಇರಲಿಲ್ಲ. ಆದರೂ ನಂಬಿದೆ. ವಾರಕ್ಕೆ ಮೂರು ಮಧ್ಯಾಹ್ನ ಹೀಗೇ ನಡೆಯಿತು. ನಾನು ಒಂದು ಪ್ಯಾರಾ ವಿವರಿಸುವುದು, ಮುದುಕ ಮಧ್ಯೆ ಬಾಯಿ ಹಾಕುವುದು, ಹುಡುಗಿ ಎರಡೂ ಕಡೆ ಮಾತು ದಾಟಿಸುವುದು. ಅವಳು ಮೃದುವಾದ ದನಿಯ ಹುಡುಗಿ. ಮಾತು ದಾಟಿಸುವ ಮೊದಲು ಒಂದು ಕ್ಷಣ ಕಿಟಕಿಯಾಚೆ, ಹೆದ್ದಾರಿಯ ಕಡೆ ನೋಡುತ್ತಿದ್ದಳು. ಸರಿಯಾದ ಇಂಗ್ಲಿಷ್ ಪದ ಹುಡುಕುತ್ತಾಳೆ ಅಂದುಕೊಂಡಿದ್ದೆ.

ನನ್ನ ದ್ವೇಷ ಆ ಮುದುಕನನ್ನು ಕಾಣುವ ಎಷ್ಟೋ ವರ್ಷ ಮೊದಲಿನದು. ನನ್ನ ಅಪ್ಪ ಸೈನ್ಯದಲ್ಲಿ ಸಿಗ್ನಲ್ ವಿಭಾಗದಲ್ಲಿದ್ದರು. ಅರವತ್ತೆರಡರ ಚೀನಾ ಯುದ್ಧದಲ್ಲಿ ನಮ್ಮ ಈಶಾನ್ಯದ ಗುಡ್ಡಗಳಲ್ಲಿ ಸೆರೆಸಿಕ್ಕು, ಆರು ತಿಂಗಳು ಟಿಬೆಟ್ಟಿನ ಯಾವುದೋ ಶಿಬಿರದಲ್ಲಿದ್ದು ಮರಳಿದವರು. ಅಲ್ಲಿ ತಿಂಗಳುಗಟ್ಟಲೆ ಮೂಲಂಗಿ ಬೇಯಿಸಿ ಹಾಕಿದ್ದರಂತೆ. ಧಾರವಾಡದ ನಮ್ಮ ಮನೆಯೊಳಗೆ ಮೂಲಂಗಿ ಕಾಲಿಡಲಿಲ್ಲ. ಸಂತೆಯಲ್ಲಿ ಮೂಲಂಗಿ ರಾಶಿ ಕಂಡರೆ ಅಪ್ಪ ರಸ್ತೆಯ ಆ ಕಡೆಗೆ ದಾಟುತ್ತಿದ್ದರು. ಸೆರೆಯ ಬಗ್ಗೆ ಬೇರೆ ಒಂದು ಮಾತೂ ಆಡದೆ ತೀರಿಕೊಂಡರು. ಹೇಳದ ಆ ಮಾತುಗಳ ಜಾಗದಲ್ಲಿ ನಾನು ಬೆಳೆಸಿಕೊಂಡದ್ದೆಲ್ಲ ಸಿಟ್ಟೇ.

ಆಗಸ್ಟ್ ಕೊನೆಗೆ ಬೀಜಿಂಗ್ ನೆರೆಯವರ ನೆಲ, ಸಮುದ್ರವನ್ನೂ ತನ್ನದೆಂದು ತೋರಿಸುವ ಹೊಸ ನಕ್ಷೆ ಹೊರಡಿಸಿತು. ನಮ್ಮ ಊರ ಪತ್ರಿಕೆಗಳೂ ಕೂಗಿದವು, ಮಲೇಷ್ಯಾದ ಪತ್ರಿಕೆಗಳೂ ಕೂಗಿದವು. "ನಮ್ಮ ಸಮುದ್ರನೂ ಅವರದ್ದೇ ಅಂತೆ ಲಾ," ಅಂತ ಆಂಟಿ ಟಾನ್, ಇಲ್ಲಿಯವರೆಲ್ಲ ಮಾತಿನ ಕೊನೆಗೆ ಹಚ್ಚುವ 'ಲಾ' ಹಚ್ಚಿ, ಲಿಫ್ಟಿನಲ್ಲಿ ನಕ್ಕರು. ಆ ಕೂಗು ತಣ್ಣಗಾಗುವ ಮೊದಲೇ, ಸೆಪ್ಟೆಂಬರ್ ಕೊನೆಗೆ, ನಾನು ಆ ಅರ್ಧ ಪುಟದ ಗಡಿಯುದ್ಧ ಕಲಿಸಬೇಕಿತ್ತು. ಒಣಗಿದ ದನಿಯಲ್ಲಿ ಓದಿ ಮುಗಿಸಿದೆ. ಮುದುಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನನ್ನನ್ನೇ ನೋಡಿ ಒಂದು ವಾಕ್ಯ ಅಂದು, ಸಣ್ಣಗೆ ನಕ್ಕ.

ಯುಟಿಂಗ್ ಕಿಟಕಿಯಾಚೆ ನೋಡಿದಳು. "ಯುದ್ಧದಲ್ಲಿ ಎರಡೂ ಕಡೆ ಸಾಯೋದು ಬಡವರ ಮಕ್ಕಳೇ ಅಂತಾರೆ."

ಆ ಮಾತು ನನ್ನನ್ನು ಕರಗಿಸಿಬಿಟ್ಟಿತು. ಯಾರಿಗೂ ಹೇಳದ್ದನ್ನು ಆ ಮನೆಯಲ್ಲಿ ಹೇಳಿದೆ: "ನನ್ನ ಅಪ್ಪ ನಿಮ್ಮ ದೇಶದಲ್ಲಿ ಸೆರೆಯಲ್ಲಿದ್ದರು ಅಂತ ಅಜ್ಜನಿಗೆ ಹೇಳು. ಬದುಕಿ ಬಂದರು. ಆದರೆ ಸಾಯೋವರೆಗೂ ಮೂಲಂಗಿ ಮುಟ್ಟಲಿಲ್ಲ ಅಂತ ಹೇಳು."

ಅವಳು ಹೇಳಿದಳು. ಮುದುಕ ಹುಬ್ಬೇರಿಸಿ ಕೇಳಿಸಿಕೊಂಡ. ಮೊದಲ ಸಲ ನನ್ನ ಕಡೆ ತಲೆಯಾಡಿಸಿದ.

ಮುಂದಿನ ಪಾಠದ ದಿನ ಮೇಜಿನ ಮೇಲೆ, ನನ್ನ ಕುರ್ಚಿಯ ಮುಂದೆ, ಒಂದು ತಟ್ಟೆ ಇತ್ತು. ತಟ್ಟೆಯ ತುಂಬ ಉಪ್ಪು ಹಾಕಿದ ಮೂಲಂಗಿ ಹೋಳು, ಮೇಲೆ ಎಳ್ಳೆಣ್ಣೆ. ಮುದುಕ ಕೈಯಿಂದ ತಟ್ಟೆಯನ್ನು ಇಷ್ಟೇ ಇಷ್ಟು ನನ್ನ ಕಡೆ ಸರಿಸಿ, ತಿನ್ನು ಎಂಬಂತೆ ಗದ್ದ ಎತ್ತಿದ.

ಒಂದು ಗಂಟೆ ಪಾಠ ಹೇಗೆ ಮುಗಿಸಿದೆನೋ ದೇವರೇ ಬಲ್ಲ. ತಟ್ಟೆ ಹಾಗೇ ಇತ್ತು. ನಾನು ಎದ್ದು ಹೊರಡುವಾಗ ಮುದುಕ ತಟ್ಟೆಯನ್ನೂ ನನ್ನನ್ನೂ ನೋಡಿ ಮುಖ ಗಂಟಿಕ್ಕಿದ. ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ.

"ನೋಡ್ರೀ, ಎಂಥಾ ಮನುಷ್ಯಾ ಅಂವಾ! ನಮ್ಮಪ್ಪನ ಸಂಗ್ತಿ ಕೇಳಿ ನಕ್ಕೋತ ಮೂಲಂಗಿ ತಂದಿಡ್ತಾನ!"

"ನಿಂಗೆ ಸರಿ ಗೊತ್ತುಂಟಾ?" ಅಂದರು ಅವರು. "ಅವನ ಭಾಷೆ ನಿಂಗೆ ಬರೂದಿಲ್ಲ ಮಾರಾಯ್ತಿ."

ಅದು ನನಗೆ ತಟ್ಟಿತು. ಸೀದಾ ಎದುರುಮನೆಯ ಬಾಗಿಲು ಬಡಿದೆ. ಆಂಟಿ ಟಾನ್‌ಗೆ ನನಗಿಂತ ಹೆಚ್ಚು ಸಿಟ್ಟು ಬಂತು. ಮುಂದಿನ ಪಾಠಕ್ಕೆ, ಅವನ ಮಾತು ತಾವೇ ಕೇಳಲೆಂದು, ಪಪ್ಪಾಯಿ ಕೊಡುವ ನೆಪ ಮಾಡಿಕೊಂಡು, ನನ್ನ ಜೊತೆ ಮೇಲೆ ಬಂದು ಸೋಫಾದಲ್ಲಿ ಕೂತರು. ಶ್ರೀಮತಿ ಲಿನ್ ಹೊರಗೆ ಹೋಗಿದ್ದರು. ಹೊರಗೆ ಮಧ್ಯಾಹ್ನದ ಮಳೆ ಶುರುವಾಗಿ ಹೆದ್ದಾರಿ ಕಾಣದಂತಾಗಿತ್ತು.

ಅಂದಿನ ಪಾಠ ಸೋವಿಯೆತ್ ತಜ್ಞರದ್ದು. ಹೊಸ ಚೀನಾದ ಕಾರ್ಖಾನೆಗಳನ್ನು ಕಟ್ಟಿಕೊಡಲು ಬಂದಿದ್ದ ಅವರನ್ನೆಲ್ಲ ಸಾವಿರದ ಒಂಬೈನೂರ ಅರವತ್ತರ ಬೇಸಿಗೆಯಲ್ಲಿ ಅವರ ಸರಕಾರ ಇದ್ದಕ್ಕಿದ್ದಂತೆ ಹಿಂದಕ್ಕೆ ಕರೆಸಿಕೊಂಡಿತು. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು. ನಾನು ಆ ಸಾಲು ಓದಿದೊಡನೆ ಮುದುಕ ಅಂಗೈಯಿಂದ ಮೇಜಿಗೆ ಬಡಿದು ಏನೋ ಅಂದ.

"ಟೀಚರ್ ಚೆನ್ನಾಗಿ ವಿವರಿಸ್ತಾರೆ, ಇನ್ನೂ ಸ್ವಲ್ಪ ಹೇಳಲಿ ಅಂತಾರೆ," ಅಂದಳು ಯುಟಿಂಗ್, ಆಂಟಿ ಕೂತಿರುವುದನ್ನೇ ಮರೆತವಳಂತೆ.

ಸೋಫಾದಿಂದ ಆಂಟಿ ಟಾನ್ ಎದ್ದು ನಿಂತರು. "ಅಯ್ಯೋ! ಅವರು ಹೇಳಿದ್ದು ಅದಲ್ಲ ಲಾ!"



"ಏನು ಹೇಳಿದರು ಆಂಟಿ?"

"ನಮ್ಮ ಕೈಲಿ ಹೊಡೆಸಿಕೊಂಡವರು ನಮಗೆ ಪಾಠ ಹೇಳೋಕೆ ಬಂದಿದ್ದಾರೆ, ಈ ಹೆಂಗಸಿಗೆ ದುಡ್ಡು ಕೊಡೋದು ದಂಡ ಅಂತ. ಮತ್ತೆ, 'ಮೊನ್ನೆಯೂ ಹೇಳಿದೆನಲ್ಲ' ಅಂತ ಬೇರೆ."

ನಾನು ಯುಟಿಂಗ್‌ಳ ಕಡೆ ತಿರುಗಿದೆ. "ಮೊನ್ನೆಯೂ? ಬಡವರ ಮಕ್ಕಳು ಸಾಯ್ತಾರೆ ಅಂದದ್ದು ಯಾರು?"

"ನಾನು, ಟೀಚರ್."

"ನನ್ನ ಅಪ್ಪನ ವಿಷಯ? ಅದನ್ನ ಏನಂತ ಹೇಳಿದೆ?"

ಅವಳು ಪುಸ್ತಕ ಮುಚ್ಚಿದಳು. "ನಿಮ್ಮ ಅಪ್ಪ ಒಂದು ಸಲ ಚೀನಾ ನೋಡೋಕೆ ಬಂದಿದ್ದರು ಅಂತ ಹೇಳಿದೆ. ಅಲ್ಲಿಯ ಮೂಲಂಗಿ ಅವರಿಗೆ ಮರೆಯೋಕೆ ಆಗಲಿಲ್ಲ ಅಂದೆ."

ಹಾಗಾದರೆ ಆ ತಟ್ಟೆ ಅಣಕವಲ್ಲ. ತನಗೆ ಕಂಡರಾಗದ ಹೆಂಗಸಿನ ಸತ್ತ ಅಪ್ಪನ ಹೆಸರಿನಲ್ಲಿ ಮುದುಕ ಒಲ್ಲದ ಮನಸ್ಸಿನಿಂದ ಮಾಡಿದ ಒಂದೇ ಒಂದು ಮರ್ಯಾದೆ ಅದು; ನಾನು ಮುಟ್ಟದೆ ಎದ್ದು ಹೋಗಿದ್ದೆ. ಇದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಿವಿಯಲ್ಲಿ ಉಳಿದದ್ದು 'ಹೊಡೆಸಿಕೊಂಡವರು' ಎಂಬ ಒಂದೇ ಪದ.

"ಇನ್ನು ಮೇಲೆ ಒಂದಕ್ಷರ ಬಿಡದೆ ಹೇಳು," ಅಂದೆ. "ನಾನು ಅಂದದ್ದು ಅವರಿಗೆ, ಅವರು ಅಂದದ್ದು ನನಗೆ. ತಪ್ಪಿದರೆ ಆಂಟಿ ಇದ್ದಾರೆ."

ಅಪ್ಪ ಎಲ್ಲಿದ್ದರು, ಹೇಗಿದ್ದರು, ಏನು ತಿಂದರು ಎಲ್ಲವನ್ನೂ ಹೇಳಿದೆ. ಹುಡುಗಿ ಮೇಜಿನ ಮೇಲೆ ಕಣ್ಣು ನೆಟ್ಟು, ಏರಿಳಿತವಿಲ್ಲದ ದನಿಯಲ್ಲಿ ದಾಟಿಸಿದಳು. ಮುದುಕ ಫ್ಲಾಸ್ಕನ್ನು ಮೇಜಿನ ಮೇಲಿಟ್ಟ.

"ಮೂಲಂಗಿ," ಅಂದ ಅವನು, ಮೊಮ್ಮಗಳ ಬಾಯಲ್ಲಿ. "ಅದಕ್ಕೆ ಎರಡು ಚಳಿಗಾಲ ಮೊದಲು ನಮಗೆ ಒಂದು ಮೂಲಂಗಿ ಸಿಕ್ಕಿದ್ದರೆ ನನ್ನ ತಂಗಿ ಬದುಕುತ್ತಿದ್ದಳು. ಆ ಬರಗಾಲದಲ್ಲಿ ನಾವು ಮರದ ತೊಗಟೆ ಬೇಯಿಸಿ ತಿಂದೆವು. ನಿನ್ನ ಅಪ್ಪ ನಮ್ಮ ಸೆರೆಯಲ್ಲಿ ನನ್ನ ತಂಗಿಗಿಂತ ಚೆನ್ನಾಗಿ ಉಂಡ."

ಆಮೇಲೆ ಅವನು ನಿಲ್ಲಲಿಲ್ಲ. ಹದಿನೈದನೇ ವಯಸ್ಸಿಗೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ್ದನಂತೆ. ಕಲಿಸುತ್ತಿದ್ದವನು ಒಬ್ಬ ರಷ್ಯನ್ ಇಂಜಿನಿಯರು. ಇವನಿಗೆ ರಷ್ಯನ್ ಭಾಷೆ ಕಲಿಸಿದ, ತನ್ನ ಅಳತೆಯ ಉಪಕರಣಗಳನ್ನು ಮುಟ್ಟಲು ಬಿಟ್ಟ, ಮಗನೇ ಅಂತ ಕರೆದ. ಒಂದು ದಿನ ಬೆಳಿಗ್ಗೆ ಹೋಗಿ ನೋಡಿದರೆ ಅವನ ಕೋಣೆ ಖಾಲಿ. ಯಂತ್ರಗಳ ನಕ್ಷೆಗಳೂ ಇಲ್ಲ. ಅರ್ಧ ಕೂಡಿಸಿದ ಯಂತ್ರದ ಸುತ್ತ ಎಲ್ಲರೂ ಸುಮ್ಮನೆ ನಿಂತಿದ್ದರು. ಕೆಲವು ವರ್ಷಗಳ ಮೇಲೆ ರಷ್ಯನ್ನರು ಶತ್ರುಗಳಾದಾಗ, ರಷ್ಯನ್ ಬಲ್ಲವನು ಗೂಢಚಾರ ಅಂತ ಇವನನ್ನು ಹಿಡಿದು ಹೊಡೆದರು. ಎಡಗಿವಿ ಅಂದೇ ಹೋಯಿತು. ರಷ್ಯನ್ ಬಾಂಬು ಬೀಳುತ್ತದೆ ಅಂತ ಊರೆಲ್ಲ ನೆಲದಡಿ ಸುರಂಗ ತೋಡಿದಾಗ ಇವನೂ ತೋಡಿದ. ಬಾಂಬು ಬೀಳಲಿಲ್ಲ. ಬದಲಿಗೆ ಅಮೆರಿಕದ ಅಧ್ಯಕ್ಷ ಬಂದ. ಹುಡುಗನಾಗಿದ್ದಾಗ ಶಾಲೆಯ ಗೋಡೆಯ ಮೇಲೆ ಅಮೆರಿಕನ್ನರನ್ನು ಹಲ್ಲು ಕಿರಿದ ತೋಳಗಳಂತೆ ಬರೆದಿದ್ದವನಿಗೆ, ಇನ್ನು ಅವರನ್ನು ಬೈಯಬೇಡ ಅಂದರು.

"ರಷ್ಯನ್ನರನ್ನು ಪ್ರೀತಿಸು ಅಂದರು, ಪ್ರೀತಿಸಿದೆ. ದ್ವೇಷಿಸು ಅಂದರು, ದ್ವೇಷಿಸಿದೆ. ಈಗ ಮತ್ತೆ ಸ್ನೇಹಿತರು ಅಂತಾರೆ. ಅಮೆರಿಕದವರದ್ದೂ ಹಾಗೇ, ಮೂರು ಸಲ ತಿರುಗಿತು." ಮುದುಕ ನನ್ನ ಕಡೆ ಬಾಗಿದ. "ನಿಮ್ಮನ್ನ ದ್ವೇಷಿಸೋದು ನಿಲ್ಲಿಸು ಅಂತ ಮಾತ್ರ ನನಗೆ ಈವರೆಗೂ ಯಾರೂ ಹೇಳಿಲ್ಲ."

ಇಪ್ಪತ್ತು ವರ್ಷ ಇತಿಹಾಸ ಕಲಿಸಿದವಳು ನಾನು. ಆ ಒಂದೇ ಸಾಲಿನ ಹಿಂದೆ ನಿಂತಿದ್ದ ಮನುಷ್ಯ ಎದುರು ಕೂತಿದ್ದ. ಆಗ ನನ್ನ ಬಾಯಿಂದ ಏನು ಬಂತು ಅಂದರೆ ಇದು:

"ಆ ರಷ್ಯನ್ ಹೇಳದೆ ಕೇಳದೆ ಹೋದದ್ದು ಸರಿಯೇ ಆಯಿತು ಅಂತ ಹೇಳು. ಇಂಥವನ ಹತ್ತಿರ ಯಾರು ನಿಲ್ತಾರೆ?"

ಯುಟಿಂಗ್ ತಲೆ ಎತ್ತಿದಳು. "ಇದನ್ನ ನಾನು ಹೇಳಲ್ಲ, ಟೀಚರ್."

"ಒಂದಕ್ಷರ ಬಿಡದೆ ಅಂದಿದ್ದೆ."

"ಹೇಳಲ್ಲ."

ನಾನು ಆಂಟಿ ಟಾನ್ ಕಡೆ ನೋಡಿದೆ. ಅವರು ತಮ್ಮ ಪಪ್ಪಾಯಿಯ ಚೀಲ ಮಡಚುತ್ತಿದ್ದರು. "ನನ್ನನ್ನ ನೋಡಬೇಡ," ಅಂದರು, 'ಲಾ' ಕೂಡ ಸೇರಿಸದೆ. ಮುದುಕ ಮೊಮ್ಮಗಳ ತೋಳು ಹಿಡಿದು ಏನೋ ಕೇಳಿದ, ಮತ್ತೆ ಕೇಳಿದ. ಅವಳು ಬಾಯಿ ಬಿಡಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅವನು ಅವಳ ಮುಖ ನೋಡಿ, ನನ್ನ ಮುಖ ನೋಡಿ, ಫ್ಲಾಸ್ಕು ಎತ್ತಿಕೊಂಡು ಒಳಕೋಣೆಗೆ ಹೋದ. ಅವಳು ಹೇಳದಿದ್ದರೂ ಮಾತು ತಲುಪಿತ್ತು.

ಸಂಜೆ ಶ್ರೀಮತಿ ಲಿನ್ ಅವರಿಂದ ನನ್ನ ಫೋನಿಗೆ ಎರಡು ಸಾಲು ಬಂತು: ನಾಳೆಯಿಂದ ಬರಬೇಡಿ, ಧನ್ಯವಾದ.

ಹತ್ತು ದಿನ ಹೋಯಿತು. ಕಡಲಾಚೆಯ ಕಾಡು ಉರಿದು ಬರುವ ಅಕ್ಟೋಬರ್‌ನ ಹೊಗೆಮುಸುಕು ಊರಿನ ಮೇಲೆ ಇಳಿದಿತ್ತು. ಕಿಟಕಿ ತೆರೆದರೆ ಗಂಟಲು ಉರಿಯುತ್ತಿತ್ತು. ಒಂದು ಮಧ್ಯಾಹ್ನ ಬಾಗಿಲ ಗಂಟೆ ಸದ್ದಾಯಿತು. ಯುಟಿಂಗ್ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಹಿಂದೆ, ಕಾರಿಡಾರಿನಲ್ಲಿ, ಮಡಚುವ ಸ್ಟೂಲು ಹಿಡಿದು ಮುದುಕ.

"ಪರೀಕ್ಷೆಗೆ ಮೂರು ವಾರ ಇದೆ, ಟೀಚರ್. ಅಮ್ಮನ ಹತ್ತಿರ ಅಜ್ಜನೇ ಮಾತಾಡಿದರು."

"ಅಜ್ಜನೇ?"

"ಅಜ್ಜನಿಗೆ ನಿಮ್ಮನ್ನ ಕಂಡರೆ ಆಗಲ್ಲ." ಈ ಸಲ ಅವಳು ಕಿಟಕಿಯ ಕಡೆಯಾಗಲಿ, ಬೇರೆಲ್ಲಿಯಾಗಲಿ ನೋಡಲಿಲ್ಲ. "ಹೆಂಗಸು ಕೆಟ್ಟವಳು, ಆದರೆ ಪಾಠ ಗೊತ್ತು, ಅಂದರು. ನಿಮ್ಮ ಮನೆಯೊಳಗೆ ಮಾತ್ರ ಬರಲ್ಲವಂತೆ."

ಒಳಗೆ ಬನ್ನಿ ಅಂತ ನಾನೂ ಕರೆಯಲಿಲ್ಲ. ಮೂರು ವಾರ ಅವಳು ನನ್ನ ಊಟದ ಮೇಜಿನಲ್ಲಿ ಓದಿದಳು. ಮೂರು ವಾರ ಅವನು ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತ. ಆ ಹೊಗೆಯಲ್ಲಿ ಅವನ ಕೆಮ್ಮು ಒಳಗೆ ಕೇಳಿಸುತ್ತಿತ್ತು. ಒಂದು ದಿನ ಬೇಗ ಮನೆಗೆ ಬಂದ ನಮ್ಮವರು ಅವನನ್ನು ದಾಟಿ ಒಳಗೆ ಬಂದು, ನನ್ನನ್ನು ಅಡುಗೆಮನೆಗೆ ಕರೆದರು.

"ಒಂದು ಲೋಟ ನೀರು ಕೊಡ್ಲಿಕ್ಕೆ ನಿಂಗೆ ಎಂತ ಕಷ್ಟ?"

"ಅವನ ಹತ್ರ ಫ್ಲಾಸ್ಕ್ ಐತ್ರೀ."

"ನಾನು ಕೇಳಿದ್ದು ಅದಲ್ಲ."

ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡುವ ಊರಿನಲ್ಲಿ ಹುಟ್ಟಿದವಳು ನಾನು. ಕೊಡಲಿಲ್ಲ. ಈಗ ಇದನ್ನು ಬರೆಯುವಾಗ ಒಂದು ದಿನವಾದರೂ ಕೊಟ್ಟಿದ್ದೆ ಅಂತ ಸೇರಿಸುವ ಆಸೆಯಾಗುತ್ತದೆ. ಹಾಗೆ ಬದಲಿಸಿ ಹೇಳುವ ಹಕ್ಕು ಆ ಹುಡುಗಿಗೆ ಇತ್ತು, ನನಗಿಲ್ಲ.

ಪರೀಕ್ಷೆ ಮುಗಿದ ದಿನ ಯುಟಿಂಗ್ ಒಬ್ಬಳೇ ಬಂದಳು. ಸೋವಿಯೆತ್ ಸ್ನೇಹ ಯಾಕೆ ಮುರಿಯಿತು ಅಂತಲೇ ದೊಡ್ಡ ಪ್ರಶ್ನೆ ಬಂದಿತ್ತಂತೆ.

"ಅಜ್ಜನ ಕತೆ ಬರೆದೆಯಾ?"

"ಇಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಬರೆದೆ. ಸಿದ್ಧಾಂತದ ಭಿನ್ನಮತ, ಗಡಿ, ನಾಯಕತ್ವದ ಪೈಪೋಟಿ." ಸ್ವಲ್ಪ ಹೊತ್ತು ಬಿಟ್ಟು ಅಂದಳು: "ನೀವು ಅವತ್ತು ಅಂದದ್ದನ್ನ ಅಜ್ಜ ಇನ್ನೂ ಕೇಳ್ತಾನೇ ಇರ್ತಾರೆ. ನಾನು ಯಾವತ್ತೂ ಹೇಳಲ್ಲ. ಆದರೆ ನೀವು ಹಾಗೆ ಅಂದಿರಿ ಅನ್ನೋದು ನನಗೆ ಗೊತ್ತಲ್ಲ, ಟೀಚರ್."

ಆಕೆ ಇಬ್ಬರು ಹಿರಿಯರ ನಡುವೆ ಕೂತು, ತಿಂಗಳುಗಟ್ಟಲೆ ಎರಡೂ ಕಡೆಯ ವಿಷವನ್ನು ತಾನೊಬ್ಬಳೇ ಕುಡಿದು, ಒಳ್ಳೆಯ ಮಾತು ಮಾತ್ರ ದಾಟಿಸಿದ್ದಳು. ಅದನ್ನು ನಾನು ಸುಳ್ಳು ಅಂತ ಕರೆದು ನಿಲ್ಲಿಸಿದ್ದೆ. ಆಮೇಲೆ ನಡೆದದ್ದೆಲ್ಲ ಸತ್ಯವೇ. ಆ ಸತ್ಯದಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಡಿಸೆಂಬರ್‌ನಲ್ಲಿ ಅವರು ಮನೆ ಖಾಲಿ ಮಾಡಿದರು. ಹುಡುಗಿಗೆ ಬೇಕಾದ ಕಡೆ ಓದಲು ಸಿಗುವ ಭರವಸೆ ಇತ್ತು. ಮುದುಕ ಹಾರ್ಬಿನ್‌ಗೆ ಮರಳುವವನಿದ್ದ. ಹೊರಡುವ ಹಿಂದಿನ ದಿನ ಆಂಟಿ ಟಾನ್ ಮನೆಗೆ ಹೋಗಿ, ಕ್ಷಮಿಸಿ ಅನ್ನುವುದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೆ ಅಂತ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೂರಿಸಿ, ಒಂದನೇ ತರಗತಿಯ ಮಗುವಿಗೆ ಕಲಿಸುವಂತೆ ಕಲಿಸಿದರು. 'ದುಯ್‌ಬುಛಿ.' ದನಿ ಎಲ್ಲಿ ಇಳಿಯಬೇಕು, ಎಲ್ಲಿ ತಗ್ಗಿ ಏಳಬೇಕು ಅಂತ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಅರ್ಧ ಗಂಟೆ ಅದೊಂದೇ ಪದ.

ಮರುದಿನ ಕೆಳಗೆ, ಕಾವಲುಗಾರನ ಗೂಡಿನ ಹತ್ತಿರ, ಟ್ಯಾಕ್ಸಿಗೆ ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಮುದುಕ ಒಬ್ಬನೇ ಮರದ ನೆರಳಿನಲ್ಲಿ ನಿಂತಿದ್ದ. ಹತ್ತಿರ ಹೋದೆ. ಕೇಳದ ಕಿವಿ ಯಾವುದು ಅಂತ ನೆನಪಿಟ್ಟುಕೊಂಡು ಬಲಗಡೆಗೆ ನಿಂತೆ. ಎರಡು ಕೈ ಜೋಡಿಸಿ ಆ ಪದ ಅಂದೆ. ಅವನು ಅಲುಗಲಿಲ್ಲ. ಇನ್ನೊಂದು ಸಲ, ಬಿಡಿಸಿ, ನಿಧಾನವಾಗಿ ಅಂದೆ.

ಆಗ ಅವನು ನನ್ನನ್ನು ನೋಡಿದ. ಬಹಳ ಹೊತ್ತು, ಓದಲು ಬಾರದ ಪುಸ್ತಕ ನೋಡುವಂತೆ. ಮೂರು ಸಣ್ಣ ಶಬ್ದ ಅಂದ. ಆಮೇಲೆ ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ.

ಆ ಮೂರು ಶಬ್ದಗಳು ಬಾಯಿಂದ ಜಾರಿ ಹೋಗದಂತೆ ಮೆಲುಕು ಹಾಕುತ್ತ ಲಿಫ್ಟ್ ಹತ್ತಿ, ಆಂಟಿ ಟಾನ್ ಬಾಗಿಲು ತೆರೆಯುತ್ತಿದ್ದಂತೆ ಒಪ್ಪಿಸಿದೆ. "ಥಿಂಗ್ ಬು ದೊಂಗ್. ಹಾಗಂದರೆ ಏನು ಆಂಟಿ?"

"ನೀನು ಹೇಳಿದ್ದು ನನಗೆ ಅರ್ಥ ಆಗಲಿಲ್ಲ ಅಂತ."

"ನಾನು ಹೇಳಿದ್ದು ತಪ್ಪಿತೇನೋ."

"ಹೇಗೆ ಹೇಳಿದೆ, ನನಗೂ ಹೇಳು."

ಅಲ್ಲೇ ಬಾಗಿಲಲ್ಲಿ ನಿಂತು, ಕೆಳಗೆ ಹೇಗೆ ಹೇಳಿದ್ದೆನೋ ಹಾಗೇ ಹೇಳಿದೆ. ಆಂಟಿ ಟಾನ್ ತಲೆ ಓರೆ ಮಾಡಿ ಕೇಳಿಸಿಕೊಂಡರು. ಮತ್ತೊಮ್ಮೆ ಹೇಳಿಸಿದರು. ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟರು.

"ಚೆನ್ನಾಗಿಯೇ ಹೇಳ್ತಿದ್ದೀಯ," ಅಂದರು. "ಮೂರು ವರ್ಷದ ಮಗುವಿಗೂ ಅರ್ಥ ಆಗುತ್ತೆ."